ಹೊಳೆ ದಾಟದ ಒಂಬತ್ತು ದಿನ

ಆ ಸೋಮವಾರ ನನಗಿದ್ದದ್ದು ಮಾಮೂಲಿ ತಪಾಸಣೆ. ತೂಕ, ಬಿಪಿ, ಒಂದು ಸ್ಕ್ಯಾನ್, ಮಗುವಿನ ಎದೆಬಡಿತ. ಏಳನೇ ತಿಂಗಳು ನಡೆದಿತ್ತು. ಮೊದಲಿನಿಂದಲೂ ನನ್ನನ್ನು ನೋಡುತ್ತಿದ್ದ ಯಾದಗಿರಿಯ ಡಾಕ್ಟರಮ್ಮ ಪ್ರತಿ ಸಲವೂ ಫೈಲಿನಲ್ಲಿ ಎರಡು ಸಾಲು ಗೀಚಿ, "ಎಲ್ಲಾ ಬರಾಬರ್ ಅದರಿ, ಬಿಸಲಾಗ ಅಡ್ಡಾಡಬ್ಯಾಡ್ರಿ" ಎಂದು ಕಳಿಸುತ್ತಿದ್ದರು. ಹೊರಗೆ ಬಂದು ಗಂಡನಿಗೆ ನಾನೂ ಅಷ್ಟನ್ನೇ ಹೇಳುತ್ತಿದ್ದೆ.

ನಾನು ಯಾದಗಿರಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಗಂಡನಿಗೂ ಅಲ್ಲಿಯೇ ಕಚೇರಿ ಕೆಲಸ. ಬೇಸಿಗೆ ರಜೆ ಸಿಕ್ಕ ಕೂಡಲೇ ಅವ್ವ ನನ್ನನ್ನು ಶಹಾಪುರಕ್ಕೆ, ತವರುಮನೆಗೆ ಕರೆದುಕೊಂಡು ಬಂದಿದ್ದಳು. ಎರಡು ಊರುಗಳ ನಡುವೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ನಡುವೆ ಭೀಮಾ ಹೊಳೆಯ ಸೇತುವೆ. ಡಿಗ್ರಿ ಓದುವಾಗ ಆ ಸೇತುವೆಯನ್ನು ದಿನಕ್ಕೆ ಎರಡು ಸಲ ದಾಟುತ್ತಿದ್ದೆ. ಎಷ್ಟೋ ದಿನ ಕಿಟಕಿಯಿಂದ ಹೊರಗೆ ನೋಡುತ್ತಲೂ ಇರಲಿಲ್ಲ.

ತಪಾಸಣೆಗೆ ಮೂರು ದಿನ ಮೊದಲು, ಶುಕ್ರವಾರ, ಅವ್ವ ಮತ್ತು ನಾನು ಬೋನಾಳಕ್ಕೆ ಹೋದೆವು. ಅಲ್ಲಿ ಅವ್ವನ ಸೋದರತ್ತೆ ಇದ್ದಾಳೆ. ನಾನು ಅವಳನ್ನು ಆಯಿ ಎನ್ನುತ್ತೇನೆ. ಮದುವೆಯಲ್ಲಿ ನೋಡಿದ ಮೇಲೆ ನಾನು ಅವಳನ್ನು ನೋಡಿರಲಿಲ್ಲ. ಆದರೆ ಮನೆತನದ ಹಿರಿಯಳು. ಚೊಚ್ಚಲ ಬಸುರಿಗೆ ಅವಳ ಕೈಯಿಂದ ಕುಬಸ ಆಗಲೇಬೇಕು, ಅಂದರೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ ಊಟ ಹಾಕಬೇಕು. ಸುರಪುರದಲ್ಲಿ ಬಸ್ಸು ಬದಲಿಸಿ ನಾವು ಬೋನಾಳದಲ್ಲಿ ಇಳಿಯುವಾಗ ಹನ್ನೊಂದಾಗಿತ್ತು. ಕೆರೆಯ ನೀರು ಅಂಚಿನಿಂದ ಬಹಳ ದೂರಕ್ಕೆ ಸರಿದಿತ್ತು. ಆ ಬಿಸಿಲಿನಲ್ಲಿಯೂ ನೀರಿನ ನಡುವೆ ಹಕ್ಕಿಗಳು ಒಂದೇ ಕಾಲಿನ ಮೇಲೆ ನಿಂತಿದ್ದವು.

ಆಯಿಯ ಮನೆ ತುಂಬ ಓಣಿಯ ಹೆಣ್ಣುಮಕ್ಕಳು. ನನಗೆ ಜನರ ನಡುವೆ ಕೂರುವುದೆಂದರೆ ಕಷ್ಟ. ಮಣೆಯ ಮೇಲೆ ಕೂತು ತಲೆ ಬಗ್ಗಿಸಿದವಳು ಎತ್ತಲೇ ಇಲ್ಲ.

"ಏನವ್ವ, ಕಾಲೇಜಿನ್ಯಾಗ ತಾಸಗಟ್ಲೆ ಮಾತಾಡ್ತಿ ಅಂತ. ಇಲ್ಲಿ ಬಾಯಾಗ ಹೋಳಿಗಿ ಇಟ್ಕೊಂಡಂಗ ಕುಂತೀಯಲ್ಲ!" ಎಂದಳು ನೆರೆಮನೆಯಾಕೆ.

"ಒಡಪು ಹಾಕು, ಗಂಡನ ಹೆಸರು ಹೇಳು. ಅಲ್ಲಿತನ ಉಡಿ ತುಂಬಂಗಿಲ್ಲ ನೋಡು" ಎಂದಳು ಇನ್ನೊಬ್ಬಳು.

ನನಗೆ ಒಂದು ಒಡಪೂ ಬರುತ್ತಿರಲಿಲ್ಲ. ಬಂದಿದ್ದರೂ ಹೇಳುತ್ತಿರಲಿಲ್ಲ. ಅವ್ವನೇ ನನ್ನ ಬೆಂಬಲಕ್ಕೆ ಬಂದಳು. "ಬಿಡ್ರಿ, ಪಾಪ. ಹೊಟ್ಟ್ಯಾಗಿಂದು ಹೊರಗ ಬಂದ ಮ್ಯಾಲ ಅದಾ ಹೇಳ್ತದ ಅಪ್ಪನ ಹೆಸರು."

ಎಲ್ಲರೂ ನಕ್ಕರು. ಆಯಿ ನನ್ನ ಕೈಗೆ ಬಳೆ ಏರಿಸುತ್ತಿದ್ದಳು. ಆಗ ಮಗು ಎರಡು ಸಲ ಒದೆಯಿತು. ಯಾರಿಗೂ ಹೇಳಲಿಲ್ಲ. ಅದು ನನ್ನೊಬ್ಬಳದಾಗಿಯೇ ಇರಲಿ ಅನ್ನಿಸಿತು.

ಊಟವಾದ ಮೇಲೆ ಅವ್ವ ಸೋಮವಾರದ ತಪಾಸಣೆಯ ಮಾತು ತೆಗೆದಳು. ಆಯಿ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು.

"ಯಾದಗಿರಿಗಿ? ಹೊಳಿ ದಾಟಿ?"

"ಹೂಂ ಅತ್ತಿ. ಮೊದಲಿಂದ ಅಲ್ಲೇ ತೋರಸಾಕತ್ತೇವಿ."

"ಕುಬಸ ಆದಾಕಿ ಒಂಬತ್ತು ದಿನ ಹೊಳಿ ದಾಟಬಾರದು. ನಿನಗ ನಾ ಹೇಳಬೇಕೇನು?"

ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

ನನಗಿಂತ ಮೊದಲು ಅವ್ವನಿಗೆ ಒಂದು ಗಂಡು ಕೂಸು ಆಗಿತ್ತು. ಉಸಿರಾಡದೆಯೇ ಹುಟ್ಟಿತ್ತು. ಕುಬಸವಾದ ಮೂರನೆಯ ದಿನ ಅವ್ವ ಯಾದಗಿರಿಯಲ್ಲಿ ಒಂದು ಮದುವೆಗೆ ಹೋಗಿ ಬಂದಿದ್ದಳಂತೆ; ಮನೆಯಲ್ಲಿ ಎಲ್ಲರೂ ಆ ಎರಡನ್ನೂ ಸೇರಿಸಿಯೇ ಹೇಳುತ್ತಿದ್ದರು. ಅವ್ವ ಮಾತ್ರ ಹೇಳುತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ದೊಡ್ಡಮ್ಮನ ಬಾಯಿಂದ ಕೇಳಿ ತಿಳಿದದ್ದು.

ನನಗೆ ಹೊಳೆಯ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ನಂಬಿ ಸುಮ್ಮನಾಗಿದ್ದರೆ ಅದು ಬೇರೆ. ನಾನು ನಂಬದೆ ಸುಮ್ಮನಾದೆ. ಅಷ್ಟು ಜನರ ಮುಂದೆ ವಾದ ಮಾಡುವುದು ಬೇಡವಾಗಿತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ, "ಒಂದು ವಾರದ ಮಾತು. ಅಷ್ಟು ನನ್ನ ಸಲುವಾಗಿ ಕೇಳು" ಎಂದಳು. ಅವಳು ಏನನ್ನಾದರೂ ತನ್ನ ಸಲುವಾಗಿ ಎಂದು ಕೇಳಿದ್ದು ನನಗೆ ನೆನಪಿಲ್ಲ. ಮರುದಿನ ದವಾಖಾನೆಗೆ ಫೋನ್ ಮಾಡಿ ತಪಾಸಣೆಯನ್ನು ಅದರ ಮುಂದಿನ ಸೋಮವಾರಕ್ಕೆ ಹಾಕಿಸಿಕೊಂಡೆ. "ನಡೀತದ್ರಿ ಮೇಡಂ. ಏನರ ತ್ರಾಸ ಆದ್ರ ನಡುವ ಬರ್ರಿ" ಎಂದು ಅಲ್ಲಿಯ ಹುಡುಗಿ ಹೇಳಿದಳು.

ನಾಲ್ಕೈದು ದಿನ ಚೆನ್ನಾಗಿಯೇ ಕಳೆದವು. ಅವ್ವ ಹಪ್ಪಳ ಒಣಹಾಕುತ್ತಿದ್ದಳು, ನಾನು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಎಡ ಮಗ್ಗುಲಾಗಿ ಮಲಗಿ ಮಗುವಿನ ಅಲುಗಾಟ ಎಣಿಸುವುದು ನನ್ನ ರೂಢಿ. ಹತ್ತು ಆಗಲು ಅರ್ಧ ತಾಸೂ ಬೇಕಾಗುತ್ತಿರಲಿಲ್ಲ.

ಶುಕ್ರವಾರ ಹತ್ತು ಆಗಲು ಎರಡು ತಾಸು ಹಿಡಿಯಿತು. ಎದ್ದು ಹೋಗಿ ಅವ್ವನಿಗೆ ಹೇಳಿದೆ.

"ಬಿಸಲು ನೋಡು ಹೆಂಗ ಅದ. ನಮಗ ಕೈಕಾಲು ಎತ್ತಾಕ ಆಗವಲ್ದು, ಅದಕ್ಕೆಂಗ ಆಗತದ?" ಎಂದು ಮಜ್ಜಿಗೆ ಕೊಟ್ಟಳು. ಕೊಟ್ಟವಳು ಲೋಟ ಖಾಲಿಯಾಗುವವರೆಗೆ ಎದುರಿಗೇ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಆಯಿಗೆ ಫೋನ್ ಮಾಡಿದಳು. ಆಯಿಯ ದನಿ ಫೋನಿನ ಹೊರಗೂ ಕೇಳುತ್ತಿತ್ತು. "ಏಳು ತಿಂಗಳಿನ ಕೂಸು ಮಲಗ್ತದ, ಎದ್ದೇಳ್ತದ. ಫಿಕರ್ ಮಾಡಬ್ಯಾಡ್ರಿ."

ಶನಿವಾರ ಅಲುಗಾಟ ಇನ್ನೂ ಕಡಿಮೆಯಾಯಿತು. ಬಹಳ ಹೊತ್ತಿಗೆ ಒಂದು ಸಲ, ನೀರಿನೊಳಗೆ ಏನೋ ಹೊರಳಿದ ಹಾಗೆ. ಶಹಾಪುರದಲ್ಲಿ ದವಾಖಾನೆ ಇಲ್ಲವೆಂದಲ್ಲ. ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿಯೇ ಇದೆ. ಅಲ್ಲಿಗೆ ಹೋಗಲು ಯಾವ ಹೊಳೆಯನ್ನೂ ದಾಟಬೇಕಿಲ್ಲ. ನಾನು ಹೋಗಲಿಲ್ಲ. ಗುರುತಿಲ್ಲದ ಡಾಕ್ಟರ ಮುಂದೆ ಮಲಗಿ ಎಲ್ಲವನ್ನೂ ಮೊದಲಿನಿಂದ ಹೇಳಬೇಕಲ್ಲ ಎಂದು ಹಿಂಜರಿದೆ. ಇನ್ನು ಎರಡೇ ದಿನ, ಸೋಮವಾರ ನಮ್ಮ ಡಾಕ್ಟರಮ್ಮನ ಹತ್ತಿರ ಹೋಗುತ್ತೇನಲ್ಲ ಎಂದುಕೊಂಡೆ. ಅವ್ವನದು ಭಯ. ನನ್ನದು ಬರೀ ಸಂಕೋಚ.

ಭಾನುವಾರ ಎಣಿಸಲಿಲ್ಲ. ಎಣಿಸಲು ಧೈರ್ಯವಾಗಲಿಲ್ಲ.

ಸೋಮವಾರ ಬೆಳಿಗ್ಗೆ ಗಂಡ ಕರೆಯಲು ಬಂದರು. ಆಟೋದಲ್ಲಿ ಹೊರಟೆವು. ಸೇತುವೆಯ ಹತ್ತಿರ ಅವ್ವ ಆಟೋ ನಿಲ್ಲಿಸಿ, ತಂದಿದ್ದ ಕುಬಸದ ಖಣ, ಅರಿಶಿನ, ಕುಂಕುಮ, ಅಕ್ಕಿಯನ್ನು ಗಂಗಮ್ಮನಿಗೆ ಉಡಿ ತುಂಬಲೆಂದು ಕಟಾಂಜನದ ಆಚೆ ಬಿಟ್ಟಳು. ಕೆಳಗೆ ನೀರಿರಲಿಲ್ಲ. ಉಸುಕು, ಬಂಡೆ, ಅಲ್ಲೊಂದು ಇಲ್ಲೊಂದು ಹೊಂಡ. ಖಣ ಒಂದು ಬಂಡೆಯ ಮೇಲೆ ಬಿತ್ತು. ಅವ್ವ ಅದನ್ನು ನೋಡಿದಳು, ಬಂದು ಕೂತಳು.

ದವಾಖಾನೆಯಲ್ಲಿ ನರ್ಸ್ ತೂಕ ನೋಡಿದಳು, ಬಿಪಿ ನೋಡಿದಳು. ಹೊಟ್ಟೆಯ ಮೇಲೆ ಎದೆಬಡಿತ ಕೇಳುವ ಯಂತ್ರ ಇಟ್ಟು ಎಡಕ್ಕೆ ಸರಿಸಿದಳು, ಬಲಕ್ಕೆ ಸರಿಸಿದಳು. "ಜರಾ ತಡೀರಿ" ಎಂದು ಹೊರಗೆ ಹೋದಳು. ಡಾಕ್ಟರಮ್ಮ ಬಂದು ಸ್ಕ್ಯಾನಿನ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಹಿಂದಿನ ಸಲಗಳಲ್ಲಿ ನನಗೂ ಕಾಣುವ ಹಾಗೆ ಇಡುತ್ತಿದ್ದರು.

"ಅಲುಗಾಟ ಯಾವಾಗಿಂದ ಕಡಿಮಿ ಆಗೇದ್ರಿ?"

"ಶುಕ್ರವಾರದಿಂದ."

ಅವರು ಮತ್ತೆ ಪರದೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕೈ ಒರೆಸಿಕೊಂಡು ನನ್ನ ಭುಜದ ಮೇಲೆ ಇಟ್ಟರು. "ಎದಿಬಡಿತ ಸಿಗವಲ್ದುರಿ."

ನಾನು ಅಳಲಿಲ್ಲ. ಮುಂದೇನು ಮಾಡಬೇಕು ಎಂದು ಕೇಳಿದೆ. ನೋವು ಬರಿಸಿ ಹೆರಿಗೆ ಮಾಡಿಸಬೇಕು ಎಂದರು. ಹೋದ ಸೋಮವಾರ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಕೇಳಿದೆ.

"ಹೇಳಾಕ ಬರಂಗಿಲ್ರಿ. ಆವತ್ತು ಎಲ್ಲಾ ಸರೀನೇ ಇರತಿತ್ತೋ ಏನೋ. ಒಮ್ಮೊಮ್ಮಿ ಕಾರಣಾನೇ ಸಿಗಂಗಿಲ್ಲ." ಪರದೆ ಆರಿಸುತ್ತ, "ಶುಕ್ರವಾರ ಬರಬೇಕಿತ್ತು" ಎಂದರು. ಗದರಿಸಿ ಹೇಳಲಿಲ್ಲ. ಮೆಲ್ಲಗೆ ಹೇಳಿದರು.

ಬುಧವಾರ ಮಧ್ಯಾಹ್ನ ಹೆರಿಗೆಯಾಯಿತು. ಹೆಣ್ಣು. ತಲೆ ತುಂಬ ಕೂದಲಿತ್ತು, ಉಗುರುಗಳೂ ಬಂದಿದ್ದವು. ನರ್ಸ್ ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಮಗ್ಗುಲಲ್ಲಿ ಸ್ವಲ್ಪ ಹೊತ್ತು ಇಟ್ಟಿದ್ದಳು. ನಾನು ಅದರ ಕಿವಿಯನ್ನು ಮುಟ್ಟಿದೆ. ಗಂಡ ಮತ್ತು ಮಾವ ಅದನ್ನು ರಾಮಸಮುದ್ರಕ್ಕೆ, ತಮ್ಮ ಹೊಲಕ್ಕೆ ತೆಗೆದುಕೊಂಡು ಹೋದರು. ಹೊಲದಲ್ಲಿ ಎಲ್ಲಿ ಎಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಮೂರನೆಯ ದಿನ, ಯಾದಗಿರಿಯ ನಮ್ಮ ಮನೆಯಲ್ಲಿದ್ದಾಗ, ಎದೆಯಲ್ಲಿ ಹಾಲು ಇಳಿಯಿತು. ಅದು ಹೀಗೂ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವ್ವನಿಗೆ ಗೊತ್ತಿತ್ತು. ಅವಳು ಹಳೆಯ ಸೀರೆಯನ್ನು ಹರಿದು ನನ್ನ ಎದೆಗೆ ಬಿಗಿಯಾಗಿ ಕಟ್ಟಿದಳು. ಗಂಟು ಹಾಕಿದ ಮೇಲೆ, ನನ್ನ ಬೆನ್ನ ಹಿಂದೆ ನಿಂತೇ ಕೇಳಿದಳು.

"ಆ ಸೋಮವಾರ ಹೋಗಿದ್ರ ಉಳೀತಿತ್ತೇನು?"

ನಾನು, "ಗೊತ್ತಿಲ್ಲ. ಹೇಳಾಕ ಬರಂಗಿಲ್ಲ ಅಂದಾರ" ಎಂದೆ.

ಅದು ನಿಜ. ಡಾಕ್ಟರಮ್ಮ ಹೇಳಿದ ಮಾತೇ ಅದು. ನಾನು ಒಂದಕ್ಷರ ಹೆಚ್ಚು ಸೇರಿಸಲಿಲ್ಲ. ಆದರೆ ಶುಕ್ರವಾರದ ಮಾತನ್ನು, ಅಂದರೆ ನನ್ನ ಪಾಲಿನದನ್ನು, ಹೇಳಲೂ ಇಲ್ಲ. ಅವ್ವ ಹೂಂಗುಟ್ಟಿದಳು. ಅಂದಿನಿಂದ ಅವಳು ನನ್ನ ಎದುರು ಕೂತು ಉಣ್ಣುವುದನ್ನು ಬಿಟ್ಟಳು. ನನಗೆ ಬಡಿಸಿ, ತಾನು ಒಲೆಯ ಹತ್ತಿರ ಗೋಡೆಗೆ ಮುಖಮಾಡಿ ಉಣ್ಣುತ್ತಿದ್ದಳು.

ನಾನು ಶಹಾಪುರಕ್ಕೆ ತಿರುಗಿ ಬಂದ ಮೇಲೆ ಒಂದು ದಿನ ಆಯಿ ಬೋನಾಳದಿಂದ ಬಂದಳು. ನಾನು ಒಳಕೋಣೆಯಲ್ಲಿ ಮಲಗಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಆಯಿ ಚಪ್ಪಲಿಯನ್ನೂ ಬಿಡದೆ ಪಡಸಾಲೆಯಲ್ಲಿಯೇ ಕುಸಿದಳು.

"ನನ್ನ ನಾಲಿಗಿಗಿ ಬೆಂಕಿ ಹತ್ತಲಿ. ನಾ ಹೊಳಿ ಸುದ್ದಿ ತಗೀಬಾರದಿತ್ತು. ನಾನಾ ತಿಂದೆ ಆ ಕೂಸಿನ."

"ಅತ್ತಿ, ಸುಮ್ಕಿರು" ಎಂದಳು ಅವ್ವ. "ಡಾಕ್ಟ್ರು ಖರೇನ ಹೇಳ್ಯಾರ. ಅವತ್ತೇ ಹೋಗಿದ್ರೂ ಉಳೀತಿದ್ದಿಲ್ಲ ಅಂತ. ಅದು ಬರೂವಾಗ್ಲೇ ಅಷ್ಟೇ ಪಡಕೊಂಡು ಬಂದಿತ್ತು. ನಿಂದೇನೂ ಇಲ್ಲ ಇದ್ರಾಗ."

"ಖರೆ ಹೇಳ್ಯಾರೇನು?"

"ನನ್ನ ಮಗಳ ಮುಂದ ಹೇಳ್ಯಾರ. ಏಳು, ಚಪ್ಪಲಿ ಬಿಡು. ಈ ಬಿಸಲಾಗ ಬಂದೀದಿ, ಒಂದು ತುತ್ತು ಉಣ್ಣು."

ಆಯಿ ಗಟ್ಟಿಯಾಗಿ ಅತ್ತಳು. ಅತ್ತ ಮೇಲೆ ಉಂಡಳು. ಎರಡು ರೊಟ್ಟಿ ಉಂಡು, ಸಂಜೆಯ ಬಸ್ಸಿಗೆ ಹೊರಡುವಾಗ ನನ್ನ ಹಣೆ ಸವರಿ, "ದೇವರು ಮತ್ತ ಕೊಡ್ತಾನವ್ವ" ಎಂದು ಹೋದಳು. ಬಂದಾಗ ಬಾಗಿದ್ದ ಬೆನ್ನು ಹೋಗುವಾಗ ಸ್ವಲ್ಪ ನೆಟ್ಟಗಾಗಿತ್ತು.

ಅವ್ವ ತಟ್ಟೆ ಎತ್ತಲು ಒಳಗೆ ಬಂದಳು.

"ನೀ ಸುಳ್ಳು ಹೇಳಿದಿ" ಎಂದೆ.

"ಹೂಂ. ಹೇಳಿದೆ." ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. "ಮೂವತ್ತು ವರ್ಷ ಆತು, ಅಷ್ಟು ಮಂದ್ಯಾಗ ಯಾರರ ಒಬ್ಬರು ನನಗ ಹಂಗ, ನಿಂದೇನೂ ಇಲ್ಲ ಅಂತಾರ ಅಂತ ನೋಡಿದೆ. ಯಾರೂ ಅನಲಿಲ್ಲ. ನೀನೂ ಅನಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೋದಳು. ಎದ್ದು ಹೋಗಿ ಆಗಲೇ ಹೇಳಬಹುದಿತ್ತು: ನಿನ್ನಿಂದಲ್ಲ, ಶುಕ್ರವಾರ ನಾನೇ ಹೋಗಬೇಕಿತ್ತು, ಡಾಕ್ಟರಮ್ಮ ಹಾಗೆಂದು ಹೇಳಿದ್ದಾರೆ ಎಂದು. ಇದರಲ್ಲಿ ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ಪಾತ್ರೆ ತಿಕ್ಕುವ ಸಪ್ಪಳ ನಿಲ್ಲುವವರೆಗೆ ನಾನು ಹಾಸಿಗೆಯ ಮೇಲೆಯೇ ಕೂತಿದ್ದೆ.

ಕಾಲೇಜು ಶುರುವಾಗಿ ನಾನು ಯಾದಗಿರಿಗೆ ಬಂದಿದ್ದೇನೆ. ಅವ್ವ ದಿನಾಲೂ ಸಂಜೆ ಫೋನ್ ಮಾಡುತ್ತಾಳೆ. ಎರಡು ಸಲ ನಾನು ಆ ಮಾತನ್ನು ಶುರುಮಾಡಿದ್ದೇನೆ. "ಅವ್ವ, ಆ ಶುಕ್ರವಾರ..." ಎಂದಷ್ಟೇ ಬಾಯಿಂದ ಬರುತ್ತದೆ. ಎರಡು ಸಲವೂ ಅವಳು ನಡುವೆ ಬಾಯಿ ಹಾಕಿ, ಊಟಕ್ಕೆ ಏನು ಮಾಡಿದಿ ಎಂದು ಕೇಳಿದಳು. ನಾನು ಏನು ಮಾಡಿದ್ದೆನೋ ಅದನ್ನು ಹೇಳಿದೆ.