ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಹೊಸ ಹೆಂಡತಿ

ನನ್ನ ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಗಂಡನ ಅಕ್ಕ ಗೂಡಲೂರಿನಲ್ಲಿದ್ದರು. ಬಾಣಂತಿಯಾದ್ದರಿಂದ ಮದುವೆಗೆ ಬಂದಿರಲಿಲ್ಲ. ಅವರಿಗೆ ಮುಖ ತೋರಿಸಿ ಬರೋಣವೆಂದು ನಾವಿಬ್ಬರೂ ಹರದನಹಳ್ಳಿಯಿಂದ ಹೊರಟೆವು. ಚಾಮರಾಜನಗರದಲ್ಲಿ ಹತ್ತಿದ ಬಸ್ಸು ತೆರಕಣಾಂಬಿ ದಾಟಿ ಕೆಟ್ಟು ನಿಂತಿತು. ಗುಂಡ್ಲುಪೇಟೆ ಸೇರುವಷ್ಟರಲ್ಲಿ ಗೂಡಲೂರಿನ ಕೊನೇ ಬಸ್ಸು ಹೋಗಿಬಿಟ್ಟಿತ್ತು.

ಎದುರಿಗೇ ಲಾಡ್ಜಿನ ಬೋರ್ಡು ಉರಿಯುತ್ತಿತ್ತು. "ಅಲ್ಲಿಗೆ ಓಗನ" ಅಂದೆ.

"ಬೆಳಗಿನ ಜಾವಕ್ಕೇ ಬಸ್ಸದೆ. ಅಷ್ಟಕ್ಕೆ ಯಾಕೆ ದುಡ್ಡು ದಂಡ? ಇಲ್ಲೇ ಒರಗು" ಅಂದರು ಗಂಡ.

ನನಗೆ ಸಿಮೆಂಟು ಬೆಂಚು ಬಿಟ್ಟು, ತಾವು ಕೆಳಗೆ ಬ್ಯಾಗಿನ ಮೇಲೆ ತಲೆಯಿಟ್ಟರು. ಮಲಗಿದ ಗಳಿಗೆಗೇ ಗೊರಕೆ. ನನ್ನ ಮೈಮೇಲೆ ಹೊಸ ಸೀರೆ, ಕೊರಳಲ್ಲಿ ಹೊಸ ತಾಳಿ. ಆಚೆ ನಿಂತಿದ್ದ ಲಾರಿಯವರು ಬೀಡಿ ಸೇದುತ್ತಾ ತಿರುತಿರುಗಿ ನೋಡುತ್ತಿದ್ದರು. ಸೆರಗು ಬಿಗಿಯಾಗಿ ಹೊದ್ದು, ಕಣ್ಣು ಮುಚ್ಚದೆ ಕೂತೆ.

ಕಾಡುಗಳ್ಳರ ಭಯ ಜೋರಾಗಿದ್ದ ವರ್ಷಗಳವು. ರಾತ್ರಿ ಎಲ್ಲಿ ನಿಂತರೂ ಪೊಲೀಸರು ವಿಚಾರಿಸುತ್ತಿದ್ದರು. ಆ ರಾತ್ರಿಯೂ ಇಬ್ಬರು ಪೊಲೀಸರು ಬಂದರು. ಟಾರ್ಚಿನ ಬೆಳಕು ಮೊದಲು ನನ್ನ ಮುಖಕ್ಕೆ ಬಿತ್ತು, ಆಮೇಲೆ ಮಲಗಿದ್ದ ಗಂಡನಿಗೆ ಲಾಠಿ ತಗುಲಿತು.

"ಏಳ್ಲಾ. ಯಾರ ಮನೆ ಎಣ್ಣು ಇವ್ಳು?"

"ನನ್ ಎಂಡ್ತಿ ಸಾರ್. ತಾಳಿ ನೋಡಿ."

"ತಾಳಿ ಅಂಗಡೀಲೂ ಸಿಕ್ತದೆ. ಇವ್ಳಿಗೆ ತಮ್ಮಂದ್ರು ಎಷ್ಟು ಜನ ಯೋಳು."

"ಒಬ್ಬ" ಅಂದರು ಗಂಡ.

ನನಗಿದ್ದದ್ದು ಇಬ್ಬರು. ಚಿಕ್ಕವನು ಪರೀಕ್ಷೆಯೆಂದು ಮದುವೆಗೆ ಬಂದಿರಲಿಲ್ಲ, ಅವನ ಮಾತು ನಮ್ಮಿಬ್ಬರ ನಡುವೆ ಬಂದೇ ಇರಲಿಲ್ಲ. ನನ್ನ ಮುಖ ನೋಡಿಯೇ ವಯಸ್ಸಾದ ಪೊಲೀಸಿಗೆ ತಪ್ಪೆಂದು ತಿಳಿದುಹೋಯಿತು. ನನ್ನನ್ನು ಕಂಬದ ಪಕ್ಕಕ್ಕೆ ಕರೆದರು. ಇನ್ನೊಬ್ಬ ನನ್ನ ಗಂಡನ ತೋಳು ಹಿಡಿದು ನಿಂತ.

"ಎದರ್ಬ್ಯಾಡ ಕಣಮ್ಮಿ. ಬಲವಂತವಾಗಿ ಕರ್ಕ ಬಂದವ್ನಾ? ಊ ಅನ್ನು, ಈಗ್ಲೇ ನಿಮ್ಮಪ್ಪನ ಮನೆಗೆ ತಲುಪಿಸ್ತೀವಿ."

ಅಪ್ಪನ ಮನೆ ಎಂದ ಕೂಡಲೇ ಕುದೇರಿನ ನಮ್ಮ ನಡುಮನೆ, ಅಲ್ಲಿ ಅವ್ವನ ಪಕ್ಕ ನಾನು ಮಲಗುತ್ತಿದ್ದ ಚಾಪೆ ಕಣ್ಣ ಮುಂದೆ ಬಂತು. ಬಾಯಿ ಕಟ್ಟಿಹೋಯಿತು. ಗಂಡ ಅಲ್ಲಿಂದಲೇ ನನ್ನನ್ನು ನೋಡುತ್ತಿದ್ದರು. ಅವರ ಮುಖ ಬಿಳಿಚಿಕೊಂಡಿತ್ತು.

ಕೊನೆಗೆ ಅಳುವೂ ಸಿಟ್ಟೂ ಒಟ್ಟಿಗೇ ಒತ್ತರಿಸಿ ಬಂದವು. "ನನ್ ಗಂಡನೇ ಸಾರ್! ಲಾಡ್ಜಿಗೆ ಓಗನ ಅಂತ ಬಡ್ಕಂಡೆ, ಕೇಳ್ನಿಲ್ಲ. ಬೀದೀಲಿ ಮಲಗ್ಸಿ ತಾವು ಗೊರಕೆ ಒಡೀತಾ ಇದ್ರು!"

ವಯಸ್ಸಾದವರು ಜೋರಾಗಿ ನಕ್ಕುಬಿಟ್ಟರು. "ಬುಡ್ಲಾ ಅವನ್ನ. ಎಂಡ್ತಿನೇ ಕಣ ಇವ್ಳು." ನಮ್ಮನ್ನು ದೀಪದ ಕೆಳಗಿನ ಬೆಂಚಿಗೆ ಕೂರಿಸಿ ಹೋದರು.

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ಆಗ ಯಾಕೆ ಸುಮ್ಕಾದೆ?" ಗಂಡ ಕೇಳಿದರು.

"ಎದ್ರಿಕೆ ಆಯ್ತು."

"ಅವ್ರಿಂದ್ಲಾ, ನನ್ನಿಂದ್ಲಾ?"

"ಇಬ್ರಿಂದ್ಲೂ."

ಸಿಟ್ಟಾಗುತ್ತಾರೆ ಅಂದುಕೊಂಡೆ. ಅವರು ತಲೆ ತಗ್ಗಿಸಿ ಕೂತರು. ಗೂಡಲೂರಿನ ಬಸ್ಸು ಬಂದು ನಿಂತಾಗ ಮಾತ್ರ, "ಅಕ್ಕನ ಮುಂದೆ ಇದನ್ನ ಎತ್ಬ್ಯಾಡ" ಅಂದರು. ಹೂಂ ಅಂದೆ. ಅಲ್ಲಿಗೆ ಹೋಗಿ ಕಾಫಿ ಕುಡಿಯುವ ಮೊದಲೇ ಅವರೇ ಎಲ್ಲವನ್ನೂ ಅಕ್ಕನಿಗೆ ಹೇಳಿಕೊಂಡು, ಚೆನ್ನಾಗಿ ಬೈಸಿಕೊಂಡರು.