ಕೂದಲಿನ ಹಿಟ್ಟು

ಚುಚ್ಚುಮದ್ದಿನ ಬದಲು ಚರ್ಮಕ್ಕೆ ಅಂಟಿಸುವ ಪಟ್ಟಿಯೊಂದನ್ನು ತಯಾರಿಸುವುದರಲ್ಲೇ ಅವಳ ಅರ್ಧ ಆಯಸ್ಸು ಸವೆದಿತ್ತು. ಕೂದಲಿಗಿಂತ ಸಣ್ಣ ಸೂಜಿಗಳು ಅದರಲ್ಲಿ ಸಾಲಾಗಿ ನಿಂತು, ನೋವಿಲ್ಲದೆ ಔಷಧಿ ಇಳಿಸಬೇಕು. ಅಚ್ಚು ಹಾಕುವ ಕೋಣೆಗೆ ಧೂಳು ಎಣಿಸುವ ಹೊಸ ಯಂತ್ರ ಬಂದ ಮೇಲೆ, ಅವಳು ಒಳಗೆ ಕಾಲಿಟ್ಟರೆ ಸಾಕು, ಅದು ಕೂಗುತ್ತಿತ್ತು.

ತಂಡದ ಮುಖ್ಯಸ್ಥ ಕರೆದು ಹೇಳಿದ: "ಮೇಡಂ, ನಿಮ್ಮ ಕೂದಲಲ್ಲಿ ಗೋಧಿ ಹಿಟ್ಟಿದೆ. ನಾಳೆಯೂ ಹೀಗಾದರೆ ನೀವು ಹೊರಗೆ ಕೂತು ವರದಿ ಬರೀರಿ. ಒಳಗಿನ ಕೆಲಸ ಬೇರೆಯವರು ನೋಡ್ಕೋತಾರೆ."

ಸಂಜೆ ಅತ್ತೆ ಎಂದಿನಂತೆ ತೊಡೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು.

"ನಾಳೆಯಿಂದ ಬೆಳಿಗ್ಗೆ ನಾನು ಚಪಾತಿ ಹಿಟ್ಟು ಮುಟ್ಟಲ್ಲ," ಎಂದಳು ಅವಳು.

"ಕಲಸಿ ಆಮೇಲೆ ಸ್ನಾನ ಮಾಡು," ಎಂದ ಗಂಡ.

"ನೀವು ಬಚ್ಚಲು ಬಿಟ್ಟುಕೊಡೋ ಹೊತ್ತಿಗೆ ನನ್ನ ಬಸ್ಸು ಹೋಗಿರುತ್ತೆ."

"ಹಾಗಾದ್ರೆ ತಲೆಗೊಂದು ಬಟ್ಟೆ ಕಟ್ಕೋ. ಹಿಟ್ಟು ಕಲಸೋದೇನು, ಚಿಟಿಕೆ ಹೊಡೆಯೋದ್ರಲ್ಲಿ ಮುಗಿಯುತ್ತೆ."

ಅತ್ತೆ ಸೂಜಿ ತೆಗೆದು ತೊಡೆ ಉಜ್ಜಿಕೊಂಡರು. "ಅಷ್ಟು ಸುಲಭ ಆದ್ರೆ ನೀನೇ ಕಲಸಪ್ಪ. ಚುಚ್ಚಿ ಚುಚ್ಚಿ ನನ್ನ ತೊಡೆ ಕಲ್ಲಾಗಿದೆ. ಅವಳು ಆ ಕೋಣೆ ಒಳಗೇ ಇರಲಿ."

ಮರುದಿನ ಯಂತ್ರ ಕೂಗಲಿಲ್ಲ. ಸೂಜಿಗಳು ಒಂದೂ ಮುರಿಯದೆ ಅಚ್ಚಿನಿಂದ ಎದ್ದುಬಂದವು.

ಗಂಡ ಅಂಗಿಯ ತೋಳಿಗೆ ಹಿಟ್ಟು ಮೆತ್ತಿಕೊಂಡೇ ಆಫೀಸಿಗೆ ಹೋಗಿದ್ದ. ಅಲ್ಲಿ ಅದನ್ನು ಕಂಡವರೆಲ್ಲ, "ನಿಮ್ಮ ಹೆಂಡತಿ ಪುಣ್ಯ ಮಾಡಿದ್ದಾರೆ!" ಎಂದು ಹೊಗಳಿದರಂತೆ. ಮನೆಗೆ ಬಂದು ಉಬ್ಬಿಕೊಂಡು ಹೇಳಿದ.

ಅವಳು ಹಿಟ್ಟಿನ ಡಬ್ಬಿಯನ್ನು ಅವನ ಕೈಗೆಟಕುವ ಕಡೆ ಇಟ್ಟಳು.