ಹಗ್ಗದ ಐದನೆಯ ಚಿಂದಿ

ಸಾಗರದ ನಮ್ಮ ಹಾಸ್ಟೆಲಿನಲ್ಲಿ ಬಾವಿಯ ನೀರನ್ನು ಅಳೆಯುತ್ತಿದ್ದುದು ಹಗ್ಗ. ಅಡುಗೆ ಭಟ್ಟರು ಅದಕ್ಕೆ ಅಳತೆ ಹಿಡಿದು ಐದು ಕೆಂಪು ಚಿಂದಿ ಕಟ್ಟಿದ್ದರು. ಕೊಡ ನೀರು ಮುಟ್ಟುವ ಹೊತ್ತಿಗೆ ಮೂರನೆಯ ಚಿಂದಿ ರಾಟೆ ದಾಟಿದರೆ ಒಬ್ಬೊಬ್ಬರಿಗೆ ದಿನಕ್ಕೆ ಎರಡೇ ಕೊಡ. ಐದನೆಯದು ದಾಟಿದರೆ ಹಾಸ್ಟೆಲ್ ಮುಚ್ಚಿ ಎಲ್ಲರೂ ಊರಿಗೆ.

ನನ್ನ ಕೋಣೆಯ ಗೆಳೆಯನಿಗೆ ಊರೇ ಇರಲಿಲ್ಲ. ಹೊಸನಗರದ ಕಡೆಯ ಅವನ ಹಳ್ಳಿ ಶರಾವತಿಯ ಹಿನ್ನೀರಿನಲ್ಲಿ ಮುಳುಗಿತ್ತು. ಮನೆಯವರು ದೂರದ ಕಾಡಿನಲ್ಲಿ ಗುಡಿಸಲು ಹಾಕುತ್ತಿದ್ದರು. ಪರೀಕ್ಷೆಗೆ ಮುಂಚೆ ಬಂದರೆ ಕೈಗೆ ಕೊಡಲಿ ಕೊಡುತ್ತೇನೆ, ಪುಸ್ತಕ ಮರೆತುಬಿಡು ಎಂದು ಅವನ ಅಪ್ಪ ಹೇಳಿ ಕಳಿಸಿದ್ದರು.

ಆ ಮಾರ್ಚಿನಲ್ಲಿ ಮೂರನೆಯ ಚಿಂದಿ ದಾಟಿತು. ಹಾಸ್ಟೆಲಿನ ತಕರಾರುಗಳೆಲ್ಲ ಶನಿವಾರದ ಚರ್ಚಾಸಭೆಯಲ್ಲಿ ಕೈಯೆತ್ತಿ ತೀರ್ಮಾನವಾಗುತ್ತಿದ್ದವು. ತೀರ್ಥಹಳ್ಳಿಯಲ್ಲಿ ಚರ್ಚಾಸ್ಪರ್ಧೆ ಗೆದ್ದು ಬಂದಿದ್ದ ನಾನು ಎದ್ದು ನಿಂತೆ.

"ಭಟ್ರೇ, ನಾರಿನ ಹಗ್ಗ ಭಾರಕ್ಕೆ ಹಿಗ್ಗತ್ತೋ ಇಲ್ವೋ?"

"ಹಿಗ್ಗತ್ತೆ."

"ಹಂಗಾದ್ರೆ ಹಿಗ್ಗಿದ ಹಗ್ಗದ ಅಳತೆ ನಂಬಿ ನಾವ್ಯಾಕೆ ಕೊಳಕು ಮೈಯಲ್ಲಿರ್ಬೇಕು?"

ಚಪ್ಪಾಳೆ ಬಿತ್ತು. ಎರಡು ಕೊಡದ ಮಿತಿ ಬೇಡವೆಂದು ಒಂದು ಕೈ ಬಿಟ್ಟು ಎಲ್ಲ ಕೈಗಳೂ ಎದ್ದವು. ಎತ್ತದವನು ನನ್ನ ಗೆಳೆಯ. "ನೀನು ಗೆದ್ದೆ ಮಾರಾಯ. ಬಾವಿ ಸೋತಿದ್ಯಾ ನೋಡ್ಬೇಕು," ಎಂದ.

ಮರುದಿನದಿಂದ ಎಲ್ಲರೂ ಬೇಕಾದಷ್ಟು ಮಿಂದರು. ಕೊಡದ ತಳದಲ್ಲಿ ಸಣ್ಣ ಮರಳು ಬರತೊಡಗಿತು. ನಾನು ಚಿಂದಿ ನೋಡುತ್ತಿದ್ದೆ: ನಾಲ್ಕನೆಯದು ಇನ್ನೂ ಕೈಯ ಹತ್ತಿರವೇ ಇತ್ತು. ಧೈರ್ಯವಾಗಬೇಕಿತ್ತು, ಆಗಲಿಲ್ಲ. ಏಕೆಂದರೆ ಬಾವಿಕಟ್ಟೆಯ ಬಳಿ ಭಟ್ಟರು ಒಮ್ಮೆ ಮೆಲ್ಲಗೆ ಕೇಳಿದ್ದರು:

"ಹಗ್ಗ ಉದ್ದ ಆಗಿದ್ರೆ, ಚಿಂದಿ ಮೇಲಿರುವಾಗ್ಲೇ ಕೊಡ ಎಲ್ಲಿರತ್ತೆ ಹೇಳು?"

ಇನ್ನೂ ಕೆಳಗೆ. ನನ್ನ ವಾದ ಸರಿಯಾಗಿತ್ತು. ಅದು ಹೇಳುತ್ತಿದ್ದುದು ಮಾತ್ರ ನಾನು ಹೇಳಿದ್ದರ ತದ್ವಿರುದ್ಧ. ಚಿಂದಿ ತೋರಿಸಿದ್ದಕ್ಕಿಂತ ನೀರು ಕಡಿಮೆಯೇ ಇತ್ತು. ಇದನ್ನು ಸಭೆಯಲ್ಲಿ ಹೇಳಬೇಕಾದವನು ನಾನೇ. ಮುಂದಿನ ಶನಿವಾರ ಹೇಳಿದರಾಯಿತು ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಕೊಡ ಬಾವಿಯ ತಳದ ಕಲ್ಲಿಗೆ ಬಡಿದ ಸದ್ದು ಕೋಣೆಯವರೆಗೆ ಕೇಳಿಸಿತು. ನಾಲ್ಕನೆಯ ಚಿಂದಿ ಆಗಷ್ಟೇ ರಾಟೆ ಮುಟ್ಟಿತ್ತು. ಐದನೆಯದು ಭಟ್ಟರ ಕಾಲ ಬಳಿ ಒಣಗಿ ಬಿದ್ದಿತ್ತು.

ಪರೀಕ್ಷೆಗೆ ಹನ್ನೆರಡು ದಿನವಿತ್ತು. ವಾರ್ಡನ್ ಪಟ್ಟಿ ಹಿಡಿದು ಯಾರು ಯಾವ ಬಸ್ಸಿಗೆ ಎಂದು ಕೋಣೆ ಕೋಣೆ ಕೇಳುತ್ತಾ ಬಂದರು.

"ನೀನೆಲ್ಲಿಗಯ್ಯಾ?"

ಗೆಳೆಯ ಹಾಸಿಗೆ ಸುತ್ತುತ್ತಿದ್ದ. ತಲೆಯೆತ್ತಲಿಲ್ಲ.

"ಇವನ್ನ ಕೇಳಿ ಸಾರ್. ನನ್ನ ಪರವಾಗಿ ಇವನೇ ಮಾತಾಡಿದ್ದು."